ನಗು ನಿಲ್ಲುವ ಕೋಣೆ

1972ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ಒಂದು ಹಟ ಹಿಡಿದಿತ್ತು. ಅರ್ಧ ಗಂಟೆಯ ಹಾಸ್ಯ ಧಾರಾವಾಹಿ ಅಂದಮೇಲೆ ಹಿನ್ನೆಲೆಯಲ್ಲಿ ನಗು ಇರಲೇಬೇಕು, ಕಾಣದ ಪ್ರೇಕ್ಷಕರ, ಮೊದಲೇ ರೆಕಾರ್ಡ್ ಮಾಡಿಟ್ಟ ನಗು. ಕೊರಿಯಾ ಯುದ್ಧದ ಡೇರೆ ಆಸ್ಪತ್ರೆಯ ಕಥೆ ಹೇಳಲು ಹೊರಟಿದ್ದ ಲ್ಯಾರಿ ಗೆಲ್ಬಾರ್ಟ್ ಮತ್ತು ಜೀನ್ ರೆನಾಲ್ಡ್ಸ್ ಅವರಿಗೆ ಅದು ಬೇಡವಾಗಿತ್ತು. ಜಗ್ಗಾಟ ನಡೆದು ಕೊನೆಗೆ ಒಂದು ರಾಜಿಯಾಯಿತು. ಮಲಗುವ ಡೇರೆಯಲ್ಲಿ, ಊಟದ ಸಾಲಿನಲ್ಲಿ, ಕರ್ನಲ್ ಸಾಹೇಬರ ಕಚೇರಿಯಲ್ಲಿ ಎಷ್ಟು ಬೇಕಾದರೂ ನಗಿಸಿಕೊಳ್ಳಿ. ಆಪರೇಷನ್ ನಡೆಯುವ ಕೋಣೆಯಲ್ಲಿ ಮಾತ್ರ ಬೇಡ.

'ಮ್ಯಾಶ್' ಧಾರಾವಾಹಿಯ ಗುಟ್ಟೆಲ್ಲ ಈ ಒಂದು ಕರಾರಿನಲ್ಲಿದೆ ಎಂಬುದು ನಮ್ಮ ವಾದ. ಶಸ್ತ್ರಚಿಕಿತ್ಸೆಯ ಮೇಜಿನ ಸುತ್ತ ನಿಂತ ವೈದ್ಯರು ಅಲ್ಲೂ ಚಟಾಕಿ ಹಾರಿಸುತ್ತಾರೆ, ಒಬ್ಬರ ಕಾಲನ್ನೊಬ್ಬರು ಎಳೆಯುತ್ತಾರೆ. ಆದರೆ ನಗುವವರು ಯಾರೂ ಇಲ್ಲ. ಅದೇ ಮಾತು, ಅದೇ ಬಾಯಿ, ಕೋಣೆ ಬದಲಾದೊಡನೆ ಧ್ವನಿ ಬದಲಾಗುತ್ತದೆ. ಹೊರಗೆ ತಮಾಷೆಯಾಗಿದ್ದದ್ದು ಒಳಗೆ ಕೈ ನಡುಗದಂತೆ ನೋಡಿಕೊಳ್ಳುವ ಉಪಾಯವಾಗುತ್ತದೆ.

ಚಳಿಗಾಲದ ಸಂಜೆಗಳಲ್ಲಿ ಏನು ನೋಡೋಣ ಎಂದು ಕೇಳುವವರಿಗೆ ಈ ಸಲ ನಮ್ಮ ಉತ್ತರ ಇದು. ಇಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದ ಹಿರಿಯರಲ್ಲಿ ಹಲವರು ಇದರ ಮರುಪ್ರಸಾರವನ್ನು ಚೂರುಚೂರಾಗಿ ನೋಡಿರುತ್ತೀರಿ. ಇಲ್ಲೇ ಹುಟ್ಟಿದ ಮಕ್ಕಳಿಗೆ ಅದು ಅಜ್ಜ-ಅಜ್ಜಿಯ ಕಾಲದ ಸರಕು. ನಮ್ಮ ಕನ್ನಡ ಕುಟುಂಬಗಳಲ್ಲಿ ಡಾಕ್ಟರು, ನರ್ಸು, ಅರಿವಳಿಕೆ ತಜ್ಞರು ಕಡಿಮೆ ಇಲ್ಲವಾದ್ದರಿಂದ ಸ್ವಲ್ಪ ವೈದ್ಯಕೀಯವನ್ನೂ ಸೇರಿಸಿಯೇ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಷಯ. ಮ್ಯಾಶ್ ಎಂದರೆ ಮೊಬೈಲ್ ಆರ್ಮಿ ಸರ್ಜಿಕಲ್ ಹಾಸ್ಪಿಟಲ್, ಅಂದರೆ ಗಂಟುಮೂಟೆ ಕಟ್ಟಿಕೊಂಡು ರಣರಂಗದ ಬೆನ್ನಹಿಂದೆಯೇ ಓಡಾಡುವ ಸೈನ್ಯದ ಶಸ್ತ್ರಚಿಕಿತ್ಸಾ ಆಸ್ಪತ್ರೆ. 1945ರಲ್ಲಿ ರೂಪುಗೊಂಡ ಈ ಘಟಕಕ್ಕೆ ಮೂಲದಲ್ಲಿದ್ದದ್ದು 60 ಹಾಸಿಗೆ. ಕೊರಿಯಾದಲ್ಲಿ ಗಾಯಾಳುಗಳ ಹೊಳೆ ಹರಿದಾಗ ಅದು 200ಕ್ಕೆ ಏರಿತು. ಧಾರಾವಾಹಿಯ 4077 ಎಂಬ ಘಟಕ ಕಲ್ಪಿತ. ನಿಜವಾದವು 8055, 8063, 8076 ಮುಂತಾದವು. 8055ರಲ್ಲಿ ಕೆಲಸ ಮಾಡಿದ್ದ ಸರ್ಜನ್ ರಿಚರ್ಡ್ ಹಾರ್ನ್‌ಬರ್ಗರ್ ಅವರು ರಿಚರ್ಡ್ ಹೂಕರ್ ಎಂಬ ಹೆಸರಿನಲ್ಲಿ 1968ರಲ್ಲಿ ಪ್ರಕಟಿಸಿದ ಕಾದಂಬರಿಯೇ ಮೂಲ. ಅದು 1970ರಲ್ಲಿ ಸಿನಿಮಾ ಆಯಿತು, 1972ರ ಸೆಪ್ಟೆಂಬರ್ 17ರಂದು ಧಾರಾವಾಹಿಯಾಗಿ ಮನೆಗಳಿಗೆ ಬಂತು.

ಆ ಆಸ್ಪತ್ರೆಯ ಕೆಲಸವನ್ನು ಅಲ್ಲಿಯ ಭಾಷೆಯಲ್ಲಿ 'ಮೀಟ್‌ಬಾಲ್ ಸರ್ಜರಿ' ಎನ್ನುತ್ತಿದ್ದರು. ಅಂದವಾಗಿ ಹೊಲಿಯುವ ಚಿಕಿತ್ಸೆಯಲ್ಲ ಅದು. ಜೀವ ಉಳಿಸು, ಆಮೇಲೆ ಕೈಕಾಲು ಉಳಿಸು, ಪಯಣಕ್ಕೆ ತಾಳುವಷ್ಟು ಗಟ್ಟಿಮಾಡಿ ಹಿಂದಿನ ಆಸ್ಪತ್ರೆಗೆ ಕಳಿಸು, ಅಲ್ಲಿಂದ ಜಪಾನಿಗೆ. ಬಂದ ಸ್ಟ್ರೆಚರುಗಳ ನಡುವೆ ಒಬ್ಬರು ಓಡಾಡಿ ಈಗಲೇ ಮೇಜಿಗೆ ಹೋಗಬೇಕಾದವರು ಯಾರು, ಕಾಯಬಹುದಾದವರು ಯಾರು, ಏನು ಮಾಡಿದರೂ ಉಳಿಯದವರು ಯಾರು ಎಂದು ವಿಂಗಡಿಸಬೇಕು. ಟ್ರಯಾಜ್ ಎಂಬ ಈ ಕೆಲಸದಲ್ಲಿ ನರಳಾಟ ಕೇಳಿ ಮೋಸಹೋಗಬಾರದು. ಜೋರಾಗಿ ಕೂಗುವವನ ಉಸಿರಾಟ ಸರಿಯಿದೆ ಎಂದೇ ಅರ್ಥ. ಸದ್ದಿಲ್ಲದೆ ಬೆವರುತ್ತ ಬಿಳಿಚಿಕೊಂಡವನ ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರಬಹುದು. ಧಾರಾವಾಹಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಡಾ. ವಾಲ್ಟರ್ ಡಿಶೆಲ್ ಎಂಬ ವೈದ್ಯರು ಸಲಹೆಗಾರರಾಗಿದ್ದರು. ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಕೊರಿಯಾಕ್ಕೇ ಹೋಗಿ ಬಂದರು, ಅಲ್ಲಿ ದುಡಿದಿದ್ದ ವೈದ್ಯರು, ನರ್ಸುಗಳನ್ನು ಮಾತನಾಡಿಸಿ ಟೇಪುಗಟ್ಟಲೆ ಸಂಗ್ರಹಿಸಿದರು. ಕಟ್ಟುಕಥೆ ಅನ್ನಿಸುವ ಎಷ್ಟೋ ಪ್ರಸಂಗಗಳ ಬೇರು ಆ ಟೇಪುಗಳಲ್ಲಿದೆ.

ಒಂದು ಕಡೆ ಮಾತ್ರ ನೋಡುವವರು ದಾರಿ ತಪ್ಪುತ್ತಾರೆ. 'ಮುಚ್ಚು' ಎಂದು ಹೇಳಿ ವೈದ್ಯರು ಇನ್ನೊಂದು ಮೇಜಿಗೆ ಓಡುವುದು ಪ್ರತಿ ಕಂತಿನಲ್ಲೂ ಇದೆ. ಹೊಟ್ಟೆ, ಎದೆಯ ಆಪರೇಷನ್ ಆದರೆ ಸರಿ. ಕೈಕಾಲಿನ ಮಾಂಸಖಂಡಕ್ಕೆ ಚೂರು ಹೊಕ್ಕ ಗಾಯವನ್ನು ರಣರಂಗದಲ್ಲಿ ಆಗಿಂದಾಗಲೇ ಹೊಲಿಯುವಂತಿಲ್ಲ. ಸತ್ತ ಮಾಂಸ, ಮಣ್ಣು, ಬಟ್ಟೆಯ ಚೂರು ಎಲ್ಲ ಕತ್ತರಿಸಿ ತೆಗೆದು, ಗಾಯವನ್ನು ತೆರೆದೇ ಬಿಟ್ಟು, ಮೇಲೆ ಬಟ್ಟೆ ಮುಚ್ಚಿ, ನಾಲ್ಕೈದು ದಿನ ಕಳೆದ ಮೇಲೆ ಹಿಂದಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಬೇಕು. ಮೊದಲೇ ಮುಚ್ಚಿದರೆ ಒಳಗೆ ಗಾಳಿಯಿಲ್ಲದೆ ಬೆಳೆಯುವ ರೋಗಾಣು ಸೇರಿ ಕಾಲೇ ಕೊಳೆಯುತ್ತದೆ. ಟಿವಿಗೆ ಈ ಕಾಯುವಿಕೆ ಹಿಡಿಸುವುದಿಲ್ಲ. ಹಾಗಾಗಿ ಅಲ್ಲಿ ಬರುವುದೆಲ್ಲ ಹೆಚ್ಚಾಗಿ ಹೊಟ್ಟೆ, ಎದೆ.

ಶೀರ್ಷಿಕೆಯ ಜೊತೆಗೆ ಬರುವ ಹೆಲಿಕಾಪ್ಟರ್ ನೋಡಿದ್ದೀರಲ್ಲ, ಗಾಜಿನ ಗುಳ್ಳೆಯಂಥ ಮೂತಿ, ಬಲೆ ಹೆಣೆದಂಥ ಬಾಲ? ಅದು ಬೆಲ್ ಎಚ್-13. ಗಾಯಾಳುಗಳಿಗೆ ಒಳಗೆ ಜಾಗವಿಲ್ಲ. ಎಡಬಲಕ್ಕೆ, ಹೊರಗೆ, ಒಂದೊಂದು ಸ್ಟ್ರೆಚರ್, ಒಟ್ಟು ಇಬ್ಬರು. ಹಾರುವಾಗ ಅವರನ್ನು ಮುಟ್ಟಿ ನೋಡಲು ಯಾರೂ ಇಲ್ಲ, ಪೈಲಟ್ ಒಬ್ಬನೇ. ರಾತ್ರಿ ಹಾರಾಟಕ್ಕೆ ತಕ್ಕ ಉಪಕರಣಗಳೂ ಇರಲಿಲ್ಲ. ಆದ್ದರಿಂದ ತಲೆ, ಎದೆ, ಹೊಟ್ಟೆಗೆ ಪೆಟ್ಟಾದವರಿಗೆ ಅದು ಮೀಸಲು. ಮಿಕ್ಕ ಬಹುಪಾಲು ಜನ ಬಂದದ್ದು ಕುಲುಕಾಡುವ ಆಂಬುಲೆನ್ಸಿನಲ್ಲೇ. ಹಾಗಿದ್ದರೂ ಫಲ ಸಣ್ಣದಲ್ಲ. ಎರಡನೇ ಮಹಾಯುದ್ಧದಲ್ಲಿ ಆಸ್ಪತ್ರೆ ಮುಟ್ಟಿದ ಅಮೆರಿಕದ ಗಾಯಾಳುಗಳಲ್ಲಿ ಸತ್ತವರು ನೂರಕ್ಕೆ 4.5, ಕೊರಿಯಾದಲ್ಲಿ 2.5. ಅದರ ಹಿಂದೆ ಹೆಲಿಕಾಪ್ಟರಿನ ಜೊತೆ ರಕ್ತದ ಬಾಟಲಿ ಇತ್ತು, ಪ್ರತಿಜೈವಿಕ ಔಷಧಗಳಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಮೇಜು ರಣರಂಗಕ್ಕೆ ಹತ್ತಿರ ಬಂದಿತ್ತು.

ಇನ್ನೂ ದೊಡ್ಡ ಬದಲಾವಣೆ ರಕ್ತನಾಳಗಳದು. ಮಹಾಯುದ್ಧದಲ್ಲಿ ಕೈಕಾಲಿನ ಅಪಧಮನಿ ಹರಿದರೆ ಕಟ್ಟಿಬಿಡುವುದೇ ಪದ್ಧತಿ. ರಕ್ತ ನಿಲ್ಲುತ್ತಿತ್ತು, ಆದರೆ ಅರ್ಧದಷ್ಟು ಮಂದಿ ಆ ಅಂಗ ಕಳೆದುಕೊಳ್ಳುತ್ತಿದ್ದರು. ಕೊರಿಯಾದಲ್ಲಿ ಸರ್ಜನ್‌ಗಳು ಕಟ್ಟುವುದನ್ನು ಬಿಟ್ಟು ಹೊಲಿಯಲು, ರೋಗಿಯದೇ ಸಿರೆಯ ತುಂಡನ್ನು ನಡುವೆ ಜೋಡಿಸಲು ಶುರು ಮಾಡಿದರು. ಅಂಗ ಕಳೆದುಕೊಳ್ಳುವವರ ಪ್ರಮಾಣ ನೂರಕ್ಕೆ 13ರ ಆಸುಪಾಸಿಗೆ ಇಳಿಯಿತು. ಆರನೇ ಸೀಸನ್ನಿನ 'ಪೇಟೆಂಟ್ 4077' ಕಂತು ಇದರ ಹಿಂದಿನ ಒಂದು ಸಣ್ಣ ಸಮಸ್ಯೆಯನ್ನು ಹಿಡಿದಿದೆ. ರಕ್ತ ತಡೆಯಲು ನಾಳವನ್ನು ಅದುಮಿ ಹಿಡಿಯುವ ಮಾಮೂಲಿ ಕ್ಲಾಂಪ್ ಅದನ್ನು ಜಜ್ಜುತ್ತದೆ, ಒಳಪದರ ಹರಿಯುತ್ತದೆ, ಅಲ್ಲೇ ರಕ್ತ ಹೆಪ್ಪುಗಟ್ಟಿ ಹೊಲಿದದ್ದೆಲ್ಲ ವ್ಯರ್ಥ. ಬಿಗಿಯಾಗಿ ಹಿಡಿಯಬೇಕು, ಜಜ್ಜಬಾರದು. ಅಂಥದ್ದು ಆಸ್ಪತ್ರೆಯಲ್ಲಿಲ್ಲ. ಕೊನೆಗೆ ಮಾಡಿಕೊಡುವವನು ಒಡವೆ ಮಾಡುವ ಸ್ಥಳೀಯ ಕುಶಲಕರ್ಮಿ. ಬಂಗಾರದ ಸರದ ಕೊಂಡಿ ಬೆಸೆಯುವ ಕೈಗೆ ಈ ಹದ ಗೊತ್ತು. ನಮ್ಮ ಊರಿನ ಅಕ್ಕಸಾಲಿಗರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಮುಂದಿನ ಮೆಟ್ಟಿಲು 'ಲೈಫ್ ಟೈಮ್', ಎಂಟನೇ ಸೀಸನ್, 1979ರ ನವೆಂಬರ್. ಬರೆದವರು ಕಥಾನಾಯಕ, ಸರ್ಜನ್ ಹಾಕ್‌ಐ ಪಾತ್ರದ ಆಲನ್ ಆಲ್ಡ ಮತ್ತು ಅದೇ ಡಾ. ಡಿಶೆಲ್. ಹೆಲಿಕಾಪ್ಟರಿನಲ್ಲಿ ಬಂದ ಹುಡುಗನ ಮಹಾಪಧಮನಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಹರಿದಿದೆ. ಹಾಕ್‌ಐ ಅದನ್ನು ಕೈಯಿಂದ ಬೆನ್ನುಮೂಳೆಗೆ ಒತ್ತಿ ಹಿಡಿಯುತ್ತಾನೆ. ರಕ್ತ ಸುರಿಯುವುದು ನಿಂತಿತು. ಆದರೆ ಅದೇ ಕ್ಷಣದಿಂದ ಕೆಳಗಿನ ದೇಹಕ್ಕೂ ಬೆನ್ನುಹುರಿಗೂ ರಕ್ತವಿಲ್ಲ. ಸುಮಾರು 20 ನಿಮಿಷ ಮೀರಿದರೆ ಹುಡುಗ ಬದುಕಿದರೂ ಕಾಲು ಸ್ವಾಧೀನ ತಪ್ಪಬಹುದು. ಪರದೆಯ ಮೂಲೆಯಲ್ಲಿ ಗಡಿಯಾರ ಓಡತೊಡಗುತ್ತದೆ, ನಮ್ಮ ಮನೆಯ ಗಡಿಯಾರದಷ್ಟೇ ವೇಗದಲ್ಲಿ. ಜೋಡಿಸಲು ರಕ್ತನಾಳದ ತುಂಡು ಬೇಕು. ಅದಿರುವುದು ಪಕ್ಕದ ಸ್ಟ್ರೆಚರಿನಲ್ಲಿ ತಲೆಗೆ ಪೆಟ್ಟಾಗಿ ಸಾಯುತ್ತಿರುವ ಇನ್ನೊಬ್ಬನಲ್ಲಿ. ಅವನು ಇನ್ನೂ ಸತ್ತಿಲ್ಲ. ಅವನ ಗೆಳೆಯ ಪಕ್ಕದಲ್ಲೇ ಕೂತಿದ್ದಾನೆ. ಗಡಿಯಾರ ಓಡುತ್ತಿದೆ. ಯಾರೂ ಯಾರಿಗೂ ಉಪದೇಶ ಮಾಡುವುದಿಲ್ಲ, ಪುರುಸೊತ್ತೂ ಇಲ್ಲ. ಹೊಲಿಗೆ ಮುಗಿದ ಮೇಲೂ ಗಂಡಾಂತರ ಕಳೆಯುವುದಿಲ್ಲ. ಇಂಥ ಕಡೆ ಕ್ಲಾಂಪನ್ನು ಒಮ್ಮೆಲೇ ಬಿಟ್ಟರೆ ಖಾಲಿಯಾಗಿದ್ದ ಕೆಳದೇಹ ರಕ್ತವನ್ನೆಲ್ಲ ಸೆಳೆದುಕೊಂಡು ಒತ್ತಡ ಕುಸಿಯುತ್ತದೆ, ನಿಧಾನಕ್ಕೆ ಸಡಿಲಿಸಬೇಕು. ಇಪ್ಪತ್ತೈದು ನಿಮಿಷದ ಧಾರಾವಾಹಿಗೆ ಇಪ್ಪತ್ತು ನಿಮಿಷದ ಗಡುವು: ಕಥೆಯ ಅಳತೆಯೂ ಕೆಲಸದ ಅಳತೆಯೂ ಒಂದೇ ಆದ ಇಂಥ ಇನ್ನೊಂದು ಕಂತು ನಮಗಂತೂ ಸಿಕ್ಕಿಲ್ಲ.

ಇನ್ನೊಂದು ಗಳಿಗೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. (ನೋಡದವರು ಈ ಪ್ಯಾರಾ ಬಿಟ್ಟು ಮುಂದಿನದಕ್ಕೆ ಹಾರಬಹುದು.) 1975ರ ಮಾರ್ಚ್ 18, ಮೂರನೇ ಸೀಸನ್ನಿನ ಕೊನೆಯ ಕಂತು. ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಹೆನ್ರಿ ಬ್ಲೇಕ್‌ಗೆ ಬಿಡುಗಡೆ ಸಿಕ್ಕಿದೆ. ಕುಡಿತ, ಕುಣಿತ, ಅಪ್ಪುಗೆ, ಹೊಸ ಸೂಟು. ಹೆಲಿಕಾಪ್ಟರ್ ಹತ್ತಿ ಹೋದ. ಇಲ್ಲಿಗೆ ಮುಗಿಯಿತು ಎಂದುಕೊಂಡವರಲ್ಲಿ ನಟರೂ ಇದ್ದರು. ಕೊನೆಯ ಹಾಳೆಯನ್ನು ಅವರಿಂದ ಬಚ್ಚಿಡಲಾಗಿತ್ತು. ಆಪರೇಷನ್ ಕೋಣೆ. ಎಲ್ಲರ ಮುಖಕ್ಕೂ ಮಾಸ್ಕ್. ಮಾಸ್ಕ್ ಇಲ್ಲದೆ ಕಚೇರಿಯ ಗುಮಾಸ್ತ ರೇಡಾರ್ ಒಳಗೆ ಬರುತ್ತಾನೆ, ಕೈಯಲ್ಲಿ ಒಂದು ಕಾಗದ. ಬ್ಲೇಕ್ ಇದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದ್ದಾರೆ, ಬದುಕಿದವರಿಲ್ಲ ಎಂದು ಓದುತ್ತಾನೆ. ಕ್ಯಾಮೆರಾ ಮೇಜಿನಿಂದ ಮೇಜಿಗೆ ಸಾಗುತ್ತದೆ. ಯಾರೂ ಕೆಲಸ ನಿಲ್ಲಿಸುವುದಿಲ್ಲ, ನಿಲ್ಲಿಸುವಂತಿಲ್ಲ. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ. ಆ ಮೌನದಲ್ಲಿ ಎಲ್ಲೋ ಒಂದು ಉಪಕರಣ ಠಣ್ಣನೆ ನೆಲಕ್ಕೆ ಬೀಳುತ್ತದೆ. ಅದು ಬರೆದಿಟ್ಟ ಸದ್ದಲ್ಲ, ಚಿತ್ರೀಕರಣದಲ್ಲಿ ಆದ ಆಕಸ್ಮಿಕ. ಗೆಲ್ಬಾರ್ಟ್ ಅದನ್ನು ಹಾಗೇ ಉಳಿಸಿಕೊಂಡರು. ಹಾಸ್ಯ ಧಾರಾವಾಹಿಯಲ್ಲಿ ಮುಖ್ಯ ಪಾತ್ರವನ್ನು ಹೀಗೆ ಕೊಂದದ್ದಕ್ಕೆ ವೀಕ್ಷಕರು ಸಿಟ್ಟಿನ ಪತ್ರ ಬರೆದರು. ನಗು ಹಾಕದ ಕೋಣೆಗೆ ಸುದ್ದಿಯನ್ನು ತಂದದ್ದರಲ್ಲೇ ಬರವಣಿಗೆಯ ಜಾಣ್ಮೆಯಿದೆ. ಕಚೇರಿಯಲ್ಲಿ ಓದಿಸಿದ್ದರೆ ಅಳಬಹುದಿತ್ತು, ಇಲ್ಲಿ ಅದಕ್ಕೂ ಅವಕಾಶವಿಲ್ಲ.

ಈಗ ನೋಡುವ ಬಗೆ. ಒಟ್ಟು 11 ಸೀಸನ್, 256 ಕಂತು, ನೂರು ಗಂಟೆಗೂ ಮೇಲೆ. ಎಲ್ಲವನ್ನೂ ನೋಡಬೇಕಿಲ್ಲ. ಡಿವಿಡಿಯಲ್ಲಿ ನೋಡುವವರು ಆಡಿಯೋ ಮೆನುವಿಗೆ ಹೋಗಿ ನಗುವಿಲ್ಲದ ಧ್ವನಿಪಟ್ಟಿ ಆರಿಸಿಕೊಳ್ಳಿ. ಬ್ರಿಟನ್ನಿನವರಿಗೆ ಬಿಬಿಸಿ ಮೊದಲಿನಿಂದಲೂ ಹಾಗೇ ತೋರಿಸಿತ್ತು. ಒಂದು ಎಚ್ಚರಿಕೆ: ಮೊದಲ ಎರಡು ಸೀಸನ್ನಿನಲ್ಲಿ ನಗು ತೆಗೆದರೆ ಅಲ್ಲಲ್ಲಿ ಮಾತಿನ ನಡುವೆ ಹಲ್ಲು ಬಿದ್ದಂತೆ ಖಾಲಿ ಜಾಗ ಕಾಣುತ್ತದೆ, ನಗುವಿಗೆಂದು ಬಿಟ್ಟ ತೆರಪು ಅದು. ಎರಡು ಮೂರು ಕಂತಿಗೆ ಅಭ್ಯಾಸವಾಗುತ್ತದೆ. ಹಳೆಯ ಮರುಪ್ರಸಾರದ ಪ್ರತಿಗಳಲ್ಲಿ ಜಾಹೀರಾತಿಗಾಗಿ ಒಂದೆರಡು ನಿಮಿಷ ಕತ್ತರಿ ಬಿದ್ದಿರುತ್ತದೆ. ಹಾಗೆ ನೋಡಿದವರಿಗೆ ಪೂರ್ತಿ ಕಂತು ಹೊಸದೇ ಅನ್ನಿಸೀತು.

ಮೊದಲ ಮೂರು ಸೀಸನ್ನಿನಲ್ಲಿ ಪೋಲಿತನ ಜಾಸ್ತಿ. ನರ್ಸುಗಳ ಹಿಂದೆ ಓಡುವುದೇ ಹಾಸ್ಯ ಎಂದುಕೊಂಡ ಕಂತುಗಳನ್ನು ಇಂದು ಮಕ್ಕಳ ಜೊತೆ ಕೂತು ನೋಡುವುದು ಮುಜುಗರವೇ. ಎಷ್ಟೋ ನರ್ಸುಗಳಿಗೆ ಸರಿಯಾದ ಹೆಸರೂ ಇಲ್ಲ, ಸೈನ್ಯದ ಅಕ್ಷರಮಾಲೆಯಿಂದ ಎತ್ತಿದ ಏಬಲ್, ಬೇಕರ್ ಎಂಬ ಹೆಸರುಗಳನ್ನೇ ಒಬ್ಬರಾದ ಮೇಲೊಬ್ಬರಿಗೆ ತೊಡಿಸಿದ್ದಾರೆ. ಆದರೂ ಮೂರನೇ ಸೀಸನ್ನಿನ 'ಓ.ಆರ್.' ಬಿಡಬೇಡಿ, ಇಡೀ ಕಂತು ಆಪರೇಷನ್ ಕೋಣೆಯಲ್ಲೇ, ನಗುವಿಲ್ಲದೆ. ನಾಲ್ಕರಿಂದ ಏಳು ನಮ್ಮ ಲೆಕ್ಕದಲ್ಲಿ ಸುಗ್ಗಿ. ಹ್ಯಾರಿ ಮಾರ್ಗನ್‌ರ ಕರ್ನಲ್ ಪಾಟರ್ ಬರುತ್ತಾರೆ, ಮೈಕ್ ಫ್ಯಾರೆಲ್‌ರ ಸರ್ಜನ್ ಬಿ.ಜೆ. ಬರುತ್ತಾನೆ. ಆರನೇ ಸೀಸನ್ನಿನಿಂದ ಫ್ರಾಂಕ್ ಬರ್ನ್ಸ್ ಬದಲಿಗೆ ಚಾರ್ಲ್ಸ್ ವಿಂಚೆಸ್ಟರ್. ಇದು ಒಳ್ಳೆಯ ಬದಲಾವಣೆ. ಬರ್ನ್ಸ್ ಹೆಡ್ಡ, ಕೆಟ್ಟ ಸರ್ಜನ್. ಅವನನ್ನು ಸೋಲಿಸುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ವಿಂಚೆಸ್ಟರ್ ಜಂಬಗಾರ, ಆದರೆ ಕೈ ಚಿನ್ನ. ಅವನ ತೊಂದರೆ ನಿಧಾನ. ಬಾಸ್ಟನ್ನಿನಲ್ಲಿ ಒಂದೊಂದು ಹೊಲಿಗೆಯನ್ನೂ ಧ್ಯಾನಿಸಿ ಹಾಕುತ್ತಿದ್ದವನಿಗೆ ಇಲ್ಲಿ ಸಾಲಿನಲ್ಲಿ ಕಾಯುತ್ತಿರುವವರು ಸಾಯುತ್ತಾರೆ ಎಂದು ಕಲಿಸಬೇಕಾಗುತ್ತದೆ.

ಈ ಭಾಗದಿಂದ ಮೂರು ಕಂತು. 'ದಿ ಇಂಟರ್‌ವ್ಯೂ': ಕಪ್ಪುಬಿಳುಪು, ಸುದ್ದಿಗಾರನೊಬ್ಬ ಒಬ್ಬೊಬ್ಬರನ್ನೇ ಪ್ರಶ್ನಿಸುತ್ತಾನೆ. 'ಪಾಯಿಂಟ್ ಆಫ್ ವ್ಯೂ': ಗಂಟಲಿಗೆ ಗಾಯವಾಗಿ ಮಾತು ನಿಂತ ಸೈನಿಕನ ಕಣ್ಣೇ ಕ್ಯಾಮೆರಾ. ರೋಗಿಗೆ ಡಾಕ್ಟರ ಮುಖ ಎಷ್ಟು ಹತ್ತಿರ, ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ವೈದ್ಯರಾದವರು ಒಮ್ಮೆ ನೋಡಬೇಕು. 'ದಿ ನರ್ಸಸ್': ಲೊರೆಟ್ಟಾ ಸ್ವಿಟ್‌ರ ಮೇಜರ್ ಮಾರ್ಗರೆಟ್ ತನ್ನ ಕೈಕೆಳಗಿನ ನರ್ಸುಗಳ ಮೇಲೆ ರೇಗಿ ಕೂಗಾಡಿ, ಇಷ್ಟು ದಿನದಲ್ಲಿ ನೀವು ನನಗೆ ಒಂದು ಲೋಟ ಕಾಫಿಗಾದರೂ ಕರೆದಿರಾ ಎಂದು ಒಡೆದುಹೋಗುತ್ತಾಳೆ. ನರ್ಸಿಂಗ್ ಮೇಲ್ವಿಚಾರಕಿಯ ಒಂಟಿತನಕ್ಕೆ ಅಷ್ಟು ಸಾಕು.

ಎಂಟರಿಂದ ಮುಂದೆ ಧರ್ಮೋಪದೇಶ ಹೆಚ್ಚು, ಹಾಕ್‌ಐ ಸಂತನಾಗುತ್ತಾನೆ, ಆರಿಸಿ ನೋಡಿ. 1983ರ ಫೆಬ್ರವರಿ 28ರ ಕೊನೆಯ ಕಂತನ್ನು ಹತ್ತು ಕೋಟಿಗೂ ಮೀರಿದ ಜನ ನೋಡಿದರು. ಅದರಲ್ಲಿ ಬರುವ ಕಾಡ್ಗಿಚ್ಚು ಕಥೆಗಾರರ ಕಲ್ಪನೆಯಲ್ಲ. 1982ರ ಅಕ್ಟೋಬರಿನಲ್ಲಿ ಮಾಲಿಬು ಬೆಟ್ಟದ ಹೊರಾಂಗಣ ಸೆಟ್ ನಿಜವಾಗಿಯೇ ಸುಟ್ಟುಹೋಯಿತು. ಸುಟ್ಟದ್ದನ್ನೇ ಕಥೆಗೆ ಸೇರಿಸಿದರು. ಜಾಗ ಈಗಲೂ ಇದೆ, ಮಾಲಿಬು ಕ್ರೀಕ್ ಸ್ಟೇಟ್ ಪಾರ್ಕಿನೊಳಗೆ. ಲಾಸ್ ಏಂಜಲೀಸ್ ಕಡೆಯ ಸದಸ್ಯರು ಪಾರ್ಕಿನ ಮುಖ್ಯ ದ್ವಾರದಿಂದ ಎರಡೂವರೆ ಮೈಲಿಯಷ್ಟು ನಡೆದರೆ ತುಕ್ಕು ಹಿಡಿದ ಜೀಪು, ಆಂಬುಲೆನ್ಸಿನ ಅಸ್ಥಿಪಂಜರ ಕಾಣಸಿಗುತ್ತದೆ. ದಾರಿಯಲ್ಲಿ ನೆರಳು ಕಡಿಮೆ. ಬೇಸಿಗೆಯಲ್ಲಿ ಬೆಳಗ್ಗೆಯೇ ಹೊರಡಿ, ನೀರು ಕೈಯಲ್ಲಿರಲಿ.

ಆ ಬೆಟ್ಟವೇ ಧಾರಾವಾಹಿಯ ಒಂದು ಕುಂದು ಕೂಡ. ಕೊರಿಯಾದ ಚಳಿಗೆ ರಕ್ತದ ಬಾಟಲಿಯೇ ಹೆಪ್ಪುಗಟ್ಟುವಂತಿರುತ್ತದೆ. ಇಲ್ಲಿ ನಟರು ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ದಪ್ಪ ಕೋಟು ತೊಟ್ಟು ನಡುಗುತ್ತಾರೆ. ಹಣೆಯ ಮೇಲಿನ ಬೆವರು ಸುಳ್ಳು ಹೇಳುವುದಿಲ್ಲ. ಕ್ಯಾಲೆಂಡರ್ ಇನ್ನೂ ಕೆಟ್ಟದು. ಮೂರು ವರ್ಷ ಒಂದು ತಿಂಗಳ ಯುದ್ಧವನ್ನು ಹನ್ನೊಂದು ವರ್ಷ ಎಳೆದರೆ ಏನಾಗಬೇಕೋ ಅದೇ ಆಗಿದೆ. ಪಾಟರ್ ಬಂದದ್ದು 1952ರ ಸೆಪ್ಟೆಂಬರ್ 19 ಎಂದು ಕಥೆಯೇ ಹೇಳುತ್ತದೆ; ಒಂಬತ್ತನೇ ಸೀಸನ್ನಿನ ಒಂದು ಕಂತಿನಲ್ಲಿ ಅದೇ ಪಾಟರ್ 1951ರ ವರ್ಷವಿಡೀ ಅಲ್ಲಿದ್ದಾರೆ. ಇವೆಲ್ಲ ನಕ್ಕು ಬಿಡುವಂಥವು. ಬಿಡಲಾಗದ ಕುಂದು ಬೇರೆಯಿದೆ. ಯುದ್ಧ ನಡೆದದ್ದು ಯಾರ ನೆಲದಲ್ಲೋ ಆ ಕೊರಿಯನ್ನರು ಇಲ್ಲಿ ಅಂಗಳ ದಾಟಿ ಹೋಗುವ ರೈತರು, ಮಾರುವವರು, ಅನಾಥ ಮಕ್ಕಳು. ಬಹಳಷ್ಟು ಪಾತ್ರಗಳನ್ನು ಆಡಿದವರು ಕೊರಿಯನ್ನರೂ ಅಲ್ಲ.

ಆ ನೆಲದಲ್ಲಿ ನಮ್ಮ ದೇಶದ ವೈದ್ಯರೂ ಇದ್ದರು ಎಂಬುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಭಾರತ ಕೊರಿಯಾಕ್ಕೆ ಕಾದಾಡುವ ಪಡೆ ಕಳಿಸಲಿಲ್ಲ, ಆಸ್ಪತ್ರೆ ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರಿನಲ್ಲಿ ಬುಸಾನ್ ಬಂದರಿನಲ್ಲಿ ಇಳಿಯಿತು. ತಿಂಗಳಾಗುವುದರೊಳಗೆ ಚೀನೀ ಸೈನ್ಯ ನುಗ್ಗಿ ಪ್ಯೊಂಗ್ಯಾಂಗ್‌ನಿಂದ ಎಲ್ಲರೂ ಓಡಬೇಕಾಯಿತು. ಉಪಕರಣ ಬಿಟ್ಟು ಬನ್ನಿ ಎಂಬ ಆದೇಶ. ಎಕ್ಸ್‌ರೇ, ಔಷಧ, ಆಪರೇಷನ್ ಸಾಮಾನು ಬಿಟ್ಟು ಬಂದ ಆಸ್ಪತ್ರೆ ಯಾವ ಆಸ್ಪತ್ರೆ? ನಮ್ಮವರು ಒಂದು ಹಳೆಯ ಉಗಿಬಂಡಿ ಹುಡುಕಿ, ಇಂಜಿನ್ ಗೊತ್ತಿದ್ದವರನ್ನು ತಮ್ಮಲ್ಲೇ ಆರಿಸಿ, ಬಾಯ್ಲರಿಗೆ ಬೆಂಕಿ ಹಾಕಿ, ಸಾಮಾನನ್ನೆಲ್ಲ ಡಬ್ಬಿಗಳಿಗೆ ತುಂಬಿಕೊಂಡು ದಕ್ಷಿಣಕ್ಕೆ ಬಂದರು. ಗೆಲ್ಬಾರ್ಟ್ ಇದನ್ನು ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವೇನೋ. 1951ರ ಮಾರ್ಚ್ 23ರಂದು ಮುನ್ಸಾನ್ ಬಳಿ ಅಮೆರಿಕದ ಪ್ಯಾರಾಶೂಟ್ ಪಡೆ ಜಿಗಿದಾಗ ರಂಗರಾಜ್ ಮತ್ತು ಅವರ ಸಣ್ಣ ತಂಡವೂ ಜೊತೆಗೆ ಜಿಗಿಯಿತು. ಅವರಿಗೆ ಮಹಾವೀರ ಚಕ್ರ ಬಂತು. ಅದೇ ಘಟಕ 2023ರಲ್ಲಿ ತುರ್ಕಿಯ ಭೂಕಂಪದ ವೇಳೆ ಇಸ್ಕೆಂದೆರುನ್‌ನಲ್ಲಿ ಆಸ್ಪತ್ರೆ ನಡೆಸಿತು.

ಕೊನೆಯದಾಗಿ ಶಾಂತಿ ಮಾತುಕತೆ. ಪನ್ಮುಂಜೋಮ್‌ನಲ್ಲಿ ಮುಗಿಯದ ಮಾತುಕತೆಯ ಬಗ್ಗೆ ಧಾರಾವಾಹಿಯಲ್ಲಿ ಜೋಕುಗಳಿಗೆ ಬರವಿಲ್ಲ. ಅದು ಮುಗಿಯದೆ ಒಂದು ವರ್ಷಕ್ಕೂ ಮಿಕ್ಕಿ ಎಳೆದದ್ದು ಮುಖ್ಯವಾಗಿ ಒಂದೇ ಪ್ರಶ್ನೆಗೆ: ಊರಿಗೆ ಹಿಂತಿರುಗಲು ಒಲ್ಲದ ಯುದ್ಧಕೈದಿಗಳನ್ನು ಏನು ಮಾಡುವುದು? 1953ರ ಜುಲೈ 27ರ ಕದನವಿರಾಮದಲ್ಲಿ ಆ 22 ಸಾವಿರಕ್ಕೂ ಹೆಚ್ಚು ಜನರ ಹೊಣೆ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರು ಮಡಿಕೇರಿಯ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಡೇರೆಯಲ್ಲಿ ಒಬ್ಬೊಬ್ಬ ಕೈದಿಯನ್ನೂ ಕೂರಿಸಿ, ಅವನ ದೇಶದವರು ಹೇಳುವುದನ್ನು ಕೇಳಿಸಿ, ಬಲವಂತವಿಲ್ಲದೆ ಅವನ ಆಯ್ಕೆ ತಿಳಿಯಬೇಕು. ಗಡುವು 90 ದಿನ. ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ಅವರ ಕೆಳಗೆ ಭಾರತದ ಐದಾರು ಸಾವಿರ ಸೈನಿಕರು. ಕೊನೆಗೆ ಎರಡೂ ಕಡೆಗೆ ಹೋಗಲೊಲ್ಲದ 80ಕ್ಕೂ ಹೆಚ್ಚು ಕೈದಿಗಳು ನಮ್ಮ ಸೈನಿಕರ ಜೊತೆ ಹಡಗಿನಲ್ಲಿ ಮದರಾಸಿಗೇ ಬಂದರು.

ಧಾರಾವಾಹಿ ಮುಗಿಯುವುದು ಹಾಕ್‌ಐ ಕೂತ ಹೆಲಿಕಾಪ್ಟರ್ ಮೇಲೇರುವಾಗ, ಕೆಳಗೆ ನೆಲದ ಮೇಲೆ ಬಿ.ಜೆ. ಕಲ್ಲಿನಲ್ಲಿ ಬರೆದ 'ಗುಡ್‌ಬೈ' ಕಾಣುವಾಗ. ತಿಮ್ಮಯ್ಯನವರ ಸೈನಿಕರ ಕೆಲಸ ಶುರುವಾದದ್ದು ಅದರ ಮರುತಿಂಗಳುಗಳಲ್ಲಿ. ತಮ್ಮ ನೆಲದ ಮೇಲೆ ಭಾರತೀಯರು ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದಿದ್ದರು. ಕಾಲಿಡಲಿಲ್ಲ. ಇಂಚಾನ್ ಬಂದರಿನ ಹಡಗುಗಳಿಂದ ಅಮೆರಿಕದ ಹೆಲಿಕಾಪ್ಟರುಗಳು ಅವರನ್ನು ಎತ್ತಿಕೊಂಡು, ಊರು ಹೊಲಗಳ ಮೇಲೆ ಹಾರಿ, ಯಾರದೂ ಅಲ್ಲದ ಗಡಿಪಟ್ಟಿಯಲ್ಲಿ ಇಳಿಸಿದವು.